ಇಳಿಬಿಸಿಲಿನ ಚಿತ್ರ: ಮೊದಲು ನೆರಳನ್ನು ಹಿಡಿಯಿರಿ

ಭಾನುವಾರ ಸಂಜೆ ಲಾಲ್‌ಬಾಗ್ ಬಂಡೆಯ ಮೇಲೆ ಚಿತ್ರ ಬರೆಯುತ್ತ ಕುಳಿತವರ ಬೆನ್ನ ಹಿಂದೆ ನಿಂತು ಇಣುಕುವುದು ನನ್ನ ಹಳೆಯ ಚಾಳಿ. ಕಳೆದ ಬಾರಿ ಒಬ್ಬರು ಕೆಂಪೇಗೌಡ ಗೋಪುರವನ್ನು ಬರೆಯುತ್ತಿದ್ದರು. ಐದು ಗಂಟೆಗೆ ಹಾಕಿದ ನೆರಳು ಗಿಡ್ಡವಾಯಿತೆಂದು ಐದೂವರೆಗೆ ಅದನ್ನು ಎಳೆದು ಉದ್ದ ಮಾಡಿದರು. ಪಕ್ಕದ ಮರದ ನೆರಳು ಮಾತ್ರ ಹಳೆಯ ಜಾಗದಲ್ಲೇ ಉಳಿಯಿತು. ನೋಡುತ್ತಿದ್ದ ಹುಡುಗನೊಬ್ಬ ಕೇಳಿಯೇಬಿಟ್ಟ: “ಅಂಕಲ್, ಇದರಲ್ಲಿ ಎರಡು ಸೂರ್ಯ ಇದೆಯಾ?”

ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ಎಲ್ಲಿಗೂ ಹೋಗುವುದಿಲ್ಲ, ಓಡುವುದು ಬೆಳಕು. ಬೆಂಗಳೂರು ಸಮಭಾಜಕ ವೃತ್ತದಿಂದ ಕೇವಲ 13 ಡಿಗ್ರಿ ಉತ್ತರಕ್ಕಿರುವುದರಿಂದ ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿಯುತ್ತಾನೆ. ಮುಳುಗಿದ ಮೇಲೆ ಬಣ್ಣ ಗುರುತಿಸುವಷ್ಟು ಬೆಳಕು ಇಪ್ಪತ್ತು ನಿಮಿಷ ಉಳಿದರೆ ಪುಣ್ಯ. ಡಿಸೆಂಬರ್ ಆರಂಭದಲ್ಲಿ ಆರರೊಳಗೇ ಸೂರ್ಯಾಸ್ತ. ಜುಲೈ ಆರಂಭದಲ್ಲಿ 6.50ರ ಆಸುಪಾಸು. ಅದಕ್ಕೆ ಒಂದೂವರೆ ಗಂಟೆ ಮೊದಲೇ ಜಾಗ ಹಿಡಿಯಿರಿ.

ಜಲವರ್ಣಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ) ಕಾಗದ, ಅಂಗೈ ಎರಡರಷ್ಟು ಅಳತೆ ಸಾಕು. ದೊಡ್ಡ ಹಾಳೆ ತರುವವರು ಆಕಾಶ ಮುಗಿಸುವಷ್ಟರಲ್ಲಿ ಕತ್ತಲಾಗಿರುತ್ತದೆ. ಬಣ್ಣ ನಾಲ್ಕೇ: ಯೆಲ್ಲೋ ಓಕರ್ (ಮಣ್ಣಿನ ಹಳದಿ), ಅಲಿಜರಿನ್ ಕ್ರಿಮ್ಸನ್ (ಕಡುಗೆಂಪು), ಅಲ್ಟ್ರಾಮರೀನ್ (ಗಾಢ ನೀಲಿ), ಬರ್ನ್ಟ್ ಸಿಯೆನ್ನಾ (ಕೆಂಗಂದು). ಸೂರ್ಯಾಸ್ತಕ್ಕೆಂದು ಕಣ್ಣು ಕುಕ್ಕುವ ಫ್ಲೋರೊಸೆಂಟ್ ಕಿತ್ತಳೆ ಕೊಳ್ಳಬೇಡಿ. ಗೋಡೆಗೆ ಹಾಕಿದ ಮೇಲೆ ಬೇಗ ಮಾಸುತ್ತದೆ. ಕಪ್ಪು ಟ್ಯೂಬನ್ನಂತೂ ಮನೆಯಲ್ಲೇ ಬಿಟ್ಟು ಬನ್ನಿ.

ಎಲ್ಲರೂ ಎಡವುವುದು ಮುಂದಿನ ಹತ್ತು ನಿಮಿಷಗಳಲ್ಲಿ. ಯಾವ ಗಳಿಗೆಯ ಚಿತ್ರ ಬರೆಯುತ್ತೀರಿ ಎಂದು ನಿರ್ಧರಿಸಿ, ಆ ಸಮಯವನ್ನು ಹಾಳೆಯ ಮೂಲೆಯಲ್ಲಿ ಬರೆಯಿರಿ. ಆ ಗಳಿಗೆ ಬಂದ ಕೂಡಲೇ ಕಣ್ಣು ಕಿರಿದು ಮಾಡಿ ನೋಡಿ. ಎಲೆ, ಕಲ್ಲಿನ ಬಿರುಕುಗಳೆಲ್ಲ ಮಸುಕಾಗಿ ಬೆಳಕು, ನೆರಳು ಎರಡೇ ಉಳಿಯುತ್ತವೆ. ಮರ, ಗೋಪುರಗಳ ಅಂದಚಂದಕ್ಕೆ ಕೈ ಹಾಕದೆ, ನೆರಳುಗಳ ಅಂಚನ್ನಷ್ಟೇ ಪೆನ್ಸಿಲಿನಲ್ಲಿ ಒಂದೇ ಉಸಿರಿಗೆ ಗುರುತು ಮಾಡಿ. ಆಮೇಲೆ ಎದುರಿನ ನೆರಳು ಎಷ್ಟೇ ಚಾಚಿಕೊಳ್ಳಲಿ, ನಿಮ್ಮ ಗೆರೆ ಕದಲಬಾರದು. ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ 1890-91ರಲ್ಲಿ ಬಣವೆಗಳನ್ನು ಬರೆಯುವಾಗ ಬೆಳಕು ಬದಲಾದರೆ ಬೇರೆ ಕ್ಯಾನ್‌ವಾಸ್ ಎತ್ತಿಕೊಳ್ಳುತ್ತಿದ್ದ. ನೀವೂ ಬೇಕಿದ್ದರೆ ಇನ್ನೊಂದು ಹಾಳೆ ತೆಗೆಯಿರಿ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಸಾಲದೇ ಎನ್ನುವವರಿದ್ದಾರೆ. ನೆರಳಿನ ಆಕಾರಕ್ಕೆ ಸಾಕು, ಬಣ್ಣಕ್ಕೆ ಅದನ್ನು ನಂಬಬೇಡಿ. ಮೊಬೈಲು ಎಷ್ಟೋ ಸಲ ನೆರಳಿನ ಬಣ್ಣವನ್ನೇ ಬದಲಿಸಿಬಿಡುತ್ತದೆ.

ಆಕಾಶಕ್ಕೆ ಒದ್ದೆ ಹಾಳೆಯಲ್ಲಿ ಕೆಳಗಿನಿಂದ ಓಕರ್, ಮೇಲಿನಿಂದ ನೀಲಿ. ಇವೆರಡೂ ನೇರವಾಗಿ ಕೂಡಿದರೆ ಆಕಾಶ ಪಾಚಿಗಟ್ಟುತ್ತದೆ. ನಡುವೆ ಕ್ರಿಮ್ಸನ್‌ನ ತೆಳು ಪಟ್ಟಿಯೊಂದನ್ನು ಬಿಟ್ಟರೆ ಹಳದಿ ಗುಲಾಬಿಗೂ, ಗುಲಾಬಿ ನೇರಳೆಗೂ ತಿರುಗುತ್ತದೆ. ಮಳೆಗಾಲದಲ್ಲಿ ಹಾಳೆ ಬೇಗ ಆರುವುದಿಲ್ಲ. ಕಾಯಿರಿ, ಬೆರಳಿನಿಂದ ಮುಟ್ಟಿ ನೋಡಬೇಡಿ.

ಹಾಳೆ ಆರಿದ ಮೇಲೆ ನೆರಳಿಗೆ ಬಣ್ಣ. ಬಿಸಿಲು ತಾಗದ ಕಡೆ ಬೀಳುವುದು ಆಕಾಶದ ಬೆಳಕು, ಅದಕ್ಕೇ ಬಂಡೆಯ ನೆರಳು ನೀಲಿಯತ್ತ ವಾಲುತ್ತದೆ. ಅಲ್ಟ್ರಾಮರೀನ್ ಹೆಚ್ಚು, ಸಿಯೆನ್ನಾ ಕಡಿಮೆ ಇರುವಂತೆ ಕಲಸಿ, ಎಲ್ಲ ನೆರಳುಗಳನ್ನೂ ಒಂದೇ ಸಲ ಹಾಕಿ. ಹಾಕಿದ ಮೇಲೆ ತಿದ್ದಲು ಹೋದರೆ ಕೆಸರಾಗುತ್ತದೆ. ಮರಗಳಿಗೆ ಇದೇ ಮಿಶ್ರಣಕ್ಕೆ ತುಸು ಓಕರ್ ಸೇರಿಸಿದರಾಯಿತು.

ಸೂರ್ಯ ಮುಳುಗಿದ ಮೇಲೆ ಕೆಂಪನ್ನು ಮುಟ್ಟಬೇಡಿ. ನಸುಗತ್ತಲಲ್ಲಿ ನಮ್ಮ ಕಣ್ಣಿಗೆ ಕೆಂಪು ಮಂಕಾಗಿ, ನೀಲಿ ಎದ್ದು ಕಾಣುತ್ತದೆ. ಪುರ್ಕಿಂಜೆ ಪರಿಣಾಮ ಎಂದು ಇದಕ್ಕೆ ಹೆಸರು. ಇದು ಗೊತ್ತಿಲ್ಲದ ಕಾಲದಲ್ಲಿ ನಾನು ಕೆಂಪು ಸಾಲದೆಂದು ಬಳಿದು, ಮರುದಿನ ನೋಡಿದರೆ ಕುಂಕುಮದ ಭರಣಿ ಉರುಳಿದಂತಿತ್ತು. ಮೊಬೈಲ್ ಟಾರ್ಚ್ ಹಚ್ಚಿ ಬರೆಯುವುದೂ ಬೇಡ, ಆ ಬಿಳಿ ಬೆಳಕಿನಲ್ಲಿ ಓಕರ್ ಬೇರೆಯೇ ಬಣ್ಣ. ಹೇಗೂ ಏಳಕ್ಕೆ ಗೇಟು ಮುಚ್ಚುತ್ತಾರೆ. ಹಾಳೆ ಆರಿದೆಯೇ ಎಂದು ನೋಡಿ ಚೀಲಕ್ಕೆ ಸೇರಿಸಿ. ಕೊಂಬೆ, ಹಕ್ಕಿಗಳ ಗೆರೆಗಳೇನಾದರೂ ಬೇಕಿದ್ದರೆ ಬೆಳಿಗ್ಗೆ ಕಿಟಕಿಯ ಬಳಿ ಕುಳಿತು ಎಳೆದರಾಯಿತು.