ಉದುರು ಹೊದಿಕೆಯ ಮಸಾಲೆ ಕಾಫಿ ಕೇಕ್: ಮಳೆಗಾಲದಲ್ಲೂ ಮೆತ್ತಗಾಗದಂತೆ

ಮೇಲೆ ಬೆಣ್ಣೆ, ಸಿಹಿ, ಹಿಟ್ಟು ಸೇರಿಸಿದ ಉದುರು ಹೊದಿಕೆಯಿರುವ ಈ ಕೇಕನ್ನು ಅಮೆರಿಕದ ಮನೆಗಳಲ್ಲಿ ಕಾಫಿಯ ಜೊತೆ ತಿನ್ನುತ್ತಾರೆ. ಅಲ್ಲಿ ಸಾಮಾನ್ಯವಾಗಿ ಕೇಕಿನೊಳಗೆ ಕಾಫಿ ಹಾಕುವುದಿಲ್ಲ. ಬೆಳಗಾದರೆ ಡಿಕಾಕ್ಷನ್ ಇಳಿಸುವ ನಾವು ಹಾಕದೆ ಬಿಡುವುದಕ್ಕೆ ಕಾರಣವಿಲ್ಲ. ಮಸಾಲೆಗೂ ದೂರ ಹೋಗಬೇಕಿಲ್ಲ: ಸಾಗರ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಕಾಳುಮೆಣಸು, ಏಲಕ್ಕಿ, ಜಾಯಿಕಾಯಿ ಎಲ್ಲವೂ ಬೆಳೆಯುತ್ತವೆ. ತೊಡಕಿರುವುದು ಉದುರಿನಲ್ಲಿ. ಕರಿದ ಹಪ್ಪಳವೇ ಗಳಿಗೆಯಲ್ಲಿ ಮೆತ್ತಗಾಗುವ ಮಲೆನಾಡಿನ ಆಷಾಢದಲ್ಲಿ ಅದನ್ನು ಗರಿಯಾಗಿ ಉಳಿಸಿಕೊಳ್ಳುವುದೇ ಕೆಲಸ.

ಹಾಗಾಗಿ ಮೊದಲು ಉದುರು. ಮುಕ್ಕಾಲು ಕಪ್ ಮೈದಾ, ಅರ್ಧ ಕಪ್ ತುರಿದ ಬೆಲ್ಲ, ಒಂದು ಟೀ ಚಮಚ ಚಕ್ಕೆ ಪುಡಿ, ಚಿಟಿಕೆ ಉಪ್ಪು ಬೆರೆಸಿ. ಜೋನಿಬೆಲ್ಲ ದೋಸೆಗಿರಲಿ, ಇಲ್ಲಿ ಬೇಡ, ಎಲ್ಲವೂ ಅಂಟಾಗುತ್ತದೆ. ಅಚ್ಚುಬೆಲ್ಲವೂ ಜಿಗುಟಾಗಿದ್ದರೆ ಅರ್ಧ ಪಾಲು ಸಕ್ಕರೆ ಹಾಕಿ. ಇದಕ್ಕೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದ 60 ಗ್ರಾಂ ಬೆಣ್ಣೆಯನ್ನು ಹೆಚ್ಚಿ ಹಾಕಿ. ಮನೆಯ ಬೆಣ್ಣೆಯಾದರೆ ಮಜ್ಜಿಗೆ ನೀರನ್ನು ಪೂರ್ತಿ ಹಿಂಡಿ ತೆಗೆದಿರಬೇಕು. ಬೆರಳ ತುದಿಯಿಂದ ಉಜ್ಜಿ, ಅಂಗೈ ತಾಗಿಸಬೇಡಿ. ಕೈಯ ಬಿಸಿಗೆ ಬೆಣ್ಣೆ ಕರಗಿದರೆ ಉದುರು ಹೋಗಿ ಕಣಕವಾಗುತ್ತದೆ. ಕಡಲೆಕಾಳಿನ ಗಾತ್ರದ ಉಂಡೆಗಳಾದಾಗ ನಿಲ್ಲಿಸಿ, ಬಟ್ಟಲನ್ನು ಮತ್ತೆ ಫ್ರಿಜ್ಜಿಗೆ ಸೇರಿಸಿ.

ಕೇಕಿನ ಹಿಟ್ಟು ಸುಲಭ. ಮೊಟ್ಟೆ ಬೇಕಿಲ್ಲ. ಮುಕ್ಕಾಲು ಕಪ್ ಗಟ್ಟಿ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಮೂರು ದೊಡ್ಡ ಚಮಚ ಆರಿದ ಗಟ್ಟಿ ಡಿಕಾಕ್ಷನ್ ಸೇರಿಸಿ ಸಕ್ಕರೆ ಕರಗುವವರೆಗೆ ಕಲಸಿ. ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ ಐದು ನಿಮಿಷ ಬಿಟ್ಟರೆ ಮೊಸರಿನ ಹುಳಿಗೆ ಸೋಡಾ ನೊರೆಯೇಳುತ್ತದೆ. ನೊರೆ ಬಂದ ಮೇಲೆ ತಡಮಾಡದೆ ಅರ್ಧ ಕಪ್ ಎಣ್ಣೆ, ಒಂದೂವರೆ ಕಪ್ ಮೈದಾ, ತಲಾ ಅರ್ಧ ಟೀ ಚಮಚ ಏಲಕ್ಕಿ ಮತ್ತು ಚಕ್ಕೆ ಪುಡಿ, ಕಾಲು ಟೀ ಚಮಚ ಕಾಳುಮೆಣಸಿನ ಪುಡಿ, ಚಿಟಿಕೆ ಜಾಯಿಕಾಯಿ ತುರಿ ಹಾಕಿ ಗಂಟಿಲ್ಲದಂತೆ ಬೆರೆಸಿ. ಮೆಣಸು ಬಿಡಬೇಡಿ, ಕಾಫಿಯ ಕಹಿಗೆ ಅದೇ ಜೋಡಿ. ಲವಂಗ ಹಾಕಲೇಬೇಕೆನ್ನುವವರು ಒಂದಕ್ಕೆ ನಿಲ್ಲಿಸಿ. ಹೆಚ್ಚಾದರೆ ಹಲ್ಲುನೋವಿನ ಔಷಧಿಯ ವಾಸನೆ ಬರುತ್ತದೆ.

ಓವನ್ ಇದ್ದವರು 175 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿಟ್ಟು, ಎಂಟು ಇಂಚಿನ ತಟ್ಟೆಗೆ ಹಿಟ್ಟು ಸುರಿದು, ಮೇಲೆ ಉದುರನ್ನು ಹರಡಿ ಬೇಯಿಸಿ. ಒತ್ತಬೇಡಿ, ಮುಳುಗುತ್ತದೆ. ಸುಮಾರು 40 ನಿಮಿಷ ಬೇಕು. ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಬೆಂದಿದೆ.

ಕರೆಂಟನ್ನು ನಂಬಲಾಗದ ಊರಿನವರಿಗೆ ಕುಕ್ಕರ್ ಇದೆ. ಗ್ಯಾಸ್ಕೆಟ್, ವಿಷಲ್ ತೆಗೆದು, ತಳಕ್ಕೆ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ, ಆಮೇಲೆ ಸಣ್ಣ ಉರಿಯಲ್ಲಿ ಕೇಕ್ ಇಡಿ. ನೀರು ಹಾಕುವಂತಿಲ್ಲ. ಆದರೆ ಕುಕ್ಕರಿನಲ್ಲಿ ಮೇಲಿನಿಂದ ಶಾಖ ತಾಗುವುದಿಲ್ಲ. ಹಸಿ ಉದುರು ಹಾಕಿದರೆ ಬಿಳಿಚಿಕೊಂಡು ಒದ್ದೆಯಾಗಿ ಕೂರುತ್ತದೆ. ಅದನ್ನು ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಆಗಾಗ ಮಗುಚುತ್ತಾ ಹೊಂಬಣ್ಣಕ್ಕೆ ಹುರಿದಿಟ್ಟುಕೊಳ್ಳಿ. ಅರ್ಧ ಗಂಟೆಯ ನಂತರ, ಕೇಕಿನ ಮೈ ಹೆಪ್ಪುಗಟ್ಟಿದರೂ ಇನ್ನೂ ಹಸಿಯಿರುವಾಗ, ಮುಕ್ಕಾಲು ಪಾಲನ್ನು ಮೇಲೆ ಉದುರಿಸಿ ಮತ್ತೆ 15–20 ನಿಮಿಷ ಬೇಯಿಸಿ.

ಬೆಂದ ಕೇಕನ್ನು ಬಿಸಿಯಿರುವಾಗ ಮುಚ್ಚಬೇಡಿ, ಹಬೆಗೆ ಉದುರು ಸೋತುಹೋಗುತ್ತದೆ. ಪೂರ್ತಿ ಆರಿದ ಮೇಲೆ ಕೊಯ್ದು ಡಬ್ಬಿಗೆ ಹಾಕಿ. ಮಿಕ್ಕ ಹುರಿದ ಉದುರನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಬೇರೆಯೇ ಇಟ್ಟುಕೊಂಡು, ಮರುದಿನ ತಟ್ಟೆಗೆ ಹಾಕುವಾಗ ಮೇಲೆ ಉದುರಿಸಿಕೊಳ್ಳಿ.