ಬಾಗಿಲು ಮುಚ್ಚಿದ್ದ 20 ತಿಂಗಳು, ಅರ್ಧ ಫೀಸಿನ ಕಾರ್ಡು

"ಹೋಟೆಲ್ ಮುಚ್ಚಿದ್ರೆ ಊಟದ ದುಡ್ಡು ಯಾರಾದ್ರೂ ಕೊಡ್ತಾರೇನೇ?" 2020ರ ಮೇ ತಿಂಗಳಲ್ಲಿ, ಕೊರೊನಾಕ್ಕೆ ಮುಚ್ಚಿದ್ದ ನಮ್ಮ ಪ್ಲೇಹೋಮ್‌ಗೆ ಪೋಷಕರಿಂದ ಸ್ವಲ್ಪ ಫೀಸು ತಗೊಂಡು, ಅದರಲ್ಲಿ ಅರ್ಧವನ್ನು ತೆರೆದ ಮೇಲೆ ಮುರಿದುಕೊಳ್ಳಿ ಅನ್ನೋಣ ಅಂದಾಗ ನಮ್ಮನೆಯವರು ಕೇಳಿದ್ದು ಇದು. ಲೆಕ್ಕ ನೋಡುವವರು, "ಮೇಡಂ, ನೀವು ಫೀಸು ತಗೋತಿಲ್ಲ, ಸಾಲ ತಗೋತಿದ್ದೀರ" ಅಂದರು. ಪಕ್ಕದ ಬಡಾವಣೆಯಲ್ಲಿ ಪ್ಲೇಹೋಮ್ ನಡೆಸುವ ಗೆಳತಿ ನಕ್ಕಳು, ಅಷ್ಟೇ. ಈಗ ಅವಳೇ ಫೋನ್ ಮಾಡಿ, ಅದು ಹೇಗೆ ಮಾಡಿದೆ ಅಂತ ಕೇಳುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಕತ್ರಿಗುಪ್ಪೆ ಕಡೆಯ ಒಂದು ಸಣ್ಣ ಪ್ಲೇಹೋಮ್ ಮತ್ತು ಡೇಕೇರ್. ಆಗ ಡೇಕೇರ್‌ನಲ್ಲಿ 14 ಮಕ್ಕಳು, ತಿಂಗಳಿಗೆ 9,000. ಬೆಳಿಗ್ಗೆ ಮಾತ್ರ ಬರುವವರು 22, ಅವರಿಗೆ 3,000. ಬಾಡಿಗೆ 42,000. ಮೂವರು ಟೀಚರ್, ನಾಲ್ವರು ಆಯಾ, ಅಡುಗೆಯವರು ಒಬ್ಬರು, ಎಲ್ಲ ಸೇರಿ ಸಂಬಳ 82,000ದ ಹತ್ತಿರ. ಹಾಲು, ತರಕಾರಿ, ಗ್ಯಾಸ್, ಕರೆಂಟ್ ಎಲ್ಲ ಕಳೆದರೆ ಕೈಗೆ 30-35 ಸಾವಿರ ಉಳಿಯುತ್ತಿತ್ತು. ಇದು ಎಂಥ ಲೆಕ್ಕ ಅಂತ ಈ ಕೆಲಸದಲ್ಲಿ ಇರುವವರಿಗೆ ಗೊತ್ತೇ ಇದೆ.

ಬೆಂಗಳೂರಿನಲ್ಲಿ ನಮ್ಮಂಥ ಚಿಕ್ಕ ಮಕ್ಕಳ ಶಾಲೆಗಳಿಗೆ 2020ರ ಮಾರ್ಚ್ 9ರಿಂದಲೇ ರಜೆ ಬಂತು. ದೇಶಕ್ಕೆಲ್ಲ ಲಾಕ್‌ಡೌನ್ ಬಂದಿದ್ದು ಆಮೇಲೆ, 25ಕ್ಕೆ. ಅಂದರೆ ಮಾರ್ಚ್‌ನಲ್ಲಿ ಮಕ್ಕಳು ಬಂದಿದ್ದು ಆರೇ ದಿನ, ಫೀಸು ನಾನು ತಗೊಂಡಿದ್ದು ಪೂರ್ತಿ. ಅದರ ಮೇಲೆ ಏಪ್ರಿಲ್ 2ಕ್ಕೆ ಯಥಾಪ್ರಕಾರ ಫೀಸಿನ ಮೆಸೇಜ್ ಬೇರೆ ಹಾಕಿದೆ. ಬುದ್ಧಿ ಎಲ್ಲಿಟ್ಟಿದ್ದೆನೋ! ಅರ್ಧ ಗಂಟೆಯಲ್ಲಿ ಗ್ರೂಪ್‌ಗೆ ಬೆಂಕಿ ಬಿತ್ತು. ಒಬ್ಬರು ಆರು ದಿನದ ಹಾಜರಿ ಲೆಕ್ಕ ಹಾಕಿ ಮಾರ್ಚ್ ದುಡ್ಡೇ ವಾಪಸ್ ಕೇಳಿದರು. ಆ ವಾರ ಏಳು ಮಕ್ಕಳನ್ನು ಬಿಡಿಸಿಕೊಂಡರು.

ಮೇನಲ್ಲಿ ಎರಡನೇ ತಪ್ಪು. ಅರ್ಧ ಫೀಸು ಕೊಡಿ ಸಾಕು ಅಂದೆ. ಅರ್ಧ ಅಂದ ಕೂಡಲೇ ಅದು ತರಕಾರಿ ವ್ಯಾಪಾರ ಆಗಿಹೋಯಿತು. ಒಬ್ಬರಿಗೆ ನೂರಕ್ಕೆ 40, ಇನ್ನೊಬ್ಬರಿಗೆ 25, ಯಾರಿಗೆ ಏನು ಒಪ್ಪಿಕೊಂಡೆ ಅಂತ ನನಗೇ ನೆನಪಿಲ್ಲ. ಅವರವರು ಮಾತಾಡಿಕೊಂಡಾಗ ಎಲ್ಲ ಹೊರಗೆ ಬಿತ್ತು. ಇದರ ಜೊತೆಗೆ ಜೂಮ್ ಕ್ಲಾಸ್ ಬೇರೆ. ಎರಡೂವರೆ ವರ್ಷದ ಮಗುವಿಗೆ ಆನ್‌ಲೈನ್ ಪಾಠ ಅಂದರೆ ಫೋನಿನಲ್ಲಿ ನಮಗೆ ಕಾಣುವುದು ಅವರ ಮನೆ ಫ್ಯಾನು, ಇಲ್ಲಾ ಮಗುವಿನ ಮೂಗಿನ ಹೊಳ್ಳೆ. ಜೂನ್‌ನಲ್ಲಿ ಸರ್ಕಾರ ಎಲ್‌ಕೆಜಿಯಿಂದ ಐದನೇ ಕ್ಲಾಸ್‌ವರೆಗೆ ಆನ್‌ಲೈನ್ ಬೇಡ ಅಂದಿತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಅಷ್ಟರಲ್ಲಿ ನಾನು ಜೂಮ್ ಕ್ಲಾಸ್ ಬಿಟ್ಟು ಎರಡು ವಾರ ಆಗಿತ್ತು.

ದಾರಿ ಸಿಕ್ಕಿದ್ದು ಆ ಮೇನಲ್ಲೇ, ನಮ್ಮ ಹಿರಿಯ ಆಯಾ ಫೋನ್ ಮಾಡಿದಾಗ. "ಅಕ್ಕ, ಆ ಪಾಪು ಅಪ್ಪ ನಂಗೆ 500 ಫೋನ್‌ಪೇ ಮಾಡವ್ರೆ, ಇಸ್ಕೊಳ್ಳಾ?" ಅಂದಳು. ನನಗೆ ಒಂದು ರೂಪಾಯಿ ಕೊಡಲ್ಲ ಅಂತ ಜಗಳ ಆಡಿದ್ದ ಮನುಷ್ಯ ಅವರು! ನನಗೆ ಕೊಡದವರೂ ಆಯಾ ಸಂಬಳಕ್ಕೆ ಅಂದರೆ ಕೊಡುತ್ತಾರೆ ಅಂತ ಆಗ ಹೊಳೆಯಿತು. ಅವತ್ತು ರಾತ್ರಿ 200 ಪುಟದ ಲಾಂಗ್ ನೋಟ್‌ಬುಕ್ ತೆಗೆದು ಕೂತೆ.

ಮೊದಲು ಬಾಡಿಗೆಯನ್ನು ಫೀಸಿನ ಲೆಕ್ಕದಿಂದ ಆಚೆ ಹಾಕಿದೆ. ಓನರ್ ಹತ್ತಿರ ನಮ್ಮ ಅಡ್ವಾನ್ಸ್ 4 ಲಕ್ಷ ಇತ್ತು. "ಅಂಕಲ್, ಏಪ್ರಿಲ್‌ನಿಂದ ಅರ್ಧ ಬಾಡಿಗೆ ಮಾಡಿ, ಅದನ್ನೂ ಅಡ್ವಾನ್ಸ್‌ನಲ್ಲೇ ಹಿಡ್ಕೊಳ್ಳಿ" ಅಂದೆ. ಮೂರು ಸಲ ಹೋಗಿ ಕೂತೆ. ಮೂರನೇ ಸಲ ಆಂಟಿ ಕಾಫಿ ಕೊಟ್ಟಾಗಲೇ ಗೊತ್ತಾಯಿತು, ಒಪ್ಪಿದ್ದಾರೆ ಅಂತ. ತಿಂಗಳಿಗೆ 21,000ದ ಹಾಗೆ 19 ತಿಂಗಳು ನಡೆಯಿತು. ನಾವು ಬಾಗಿಲು ತೆಗೆದಾಗ ಓನರ್ ಹತ್ತಿರ ನನ್ನದು ಉಳಿದಿದ್ದು ಸಾವಿರ ರೂಪಾಯಿ!

ಆಮೇಲೆ ಸಂಬಳ. ಅಷ್ಟೊತ್ತಿಗೆ ಇಬ್ಬರು ಟೀಚರ್ ಊರಿಗೆ ಹೋಗಿದ್ದರು. ಉಳಿದವರಿಗೆ ನೂರಕ್ಕೆ 60ರಷ್ಟು ಕೊಡಬೇಕು ಅಂದರೆ 35,000 ಬೇಕು. ಪೋಷಕರಿಗೆ ಹೇಳಿದೆ: ಡೇಕೇರ್‌ನವರು 2,500, ಬೆಳಿಗ್ಗೆಯವರು 700. ಇದು ಪೂರ್ತಿ ಸಂಬಳಕ್ಕೆ, ನನಗೆ ಒಂದು ಪೈಸೆ ಬೇಡ. ಕೊಟ್ಟಿದ್ದರಲ್ಲಿ ಅರ್ಧ ನಿಮ್ಮ ಹೆಸರಲ್ಲಿ ಜಮಾ ಇರುತ್ತದೆ, ತೆರೆದ ಮೇಲೆ ಫೀಸಿನಲ್ಲಿ ಮುರಿದುಕೊಳ್ಳಿ. ಚೌಕಾಸಿ ಇಲ್ಲ. ಆಗದಿದ್ದರೆ ಕೊಡಬೇಡಿ, ಬೇಜಾರಿಲ್ಲ.

ತಿಂಗಳ ಐದನೇ ತಾರೀಖು ಸಂಬಳದ ವೋಚರ್ ಫೋಟೋ ಗ್ರೂಪ್‌ಗೆ ಹಾಕುತ್ತಿದ್ದೆ. 5,400 ರೂಪಾಯಿ, ರೆವಿನ್ಯೂ ಸ್ಟ್ಯಾಂಪು, ಅದರ ಮೇಲೆ ಆಯಾ ಸಹಿ. ನೂರು ಮಾತಿಗಿಂತ ಆ ಸ್ಟ್ಯಾಂಪು ಜಾಸ್ತಿ ಕೆಲಸ ಮಾಡಿತು. ಜೂನ್‌ನಲ್ಲಿ 21 ಜನ ಕೊಟ್ಟರು, 32-33 ಸಾವಿರ ಬಂತು. ಕಡಿಮೆ ಬಿದ್ದಿದ್ದಕ್ಕೆ ನನ್ನ ಎರಡು ಬಳೆ ಅಡ ಇಟ್ಟೆ. ಯಾರಿಗೆ ಮೊದಲು ಫೋನ್ ಮಾಡಿದೆ, ಕೊಡದವರಿಗೆ ಏನಂತ ಮೆಸೇಜ್ ಹಾಕಿದೆ, ಅದನ್ನೆಲ್ಲ ಇಲ್ಲಿ ಬರೆಯಲ್ಲ. ಎಲ್ಲ ಹೇಳಿಬಿಟ್ಟರೆ ನನ್ನ ಹತ್ತಿರ ಏನು ಉಳಿಯುತ್ತೆ?

ನಡುವೆ ಒಂದು ಹುಚ್ಚು. ಮಕ್ಕಳು ಕೈಯಲ್ಲಿ ನಾದಿ ಆಡುವ ಬಣ್ಣದ ಹಿಟ್ಟನ್ನು (ಪ್ಲೇ ಡೋ) ಮನೆಯಲ್ಲೇ ಮಾಡಿ ಮಾರೋಣ ಅನಿಸಿತು. ಎರಡು ಕಪ್ ಮೈದಾ, ಒಂದು ಕಪ್ ಉಪ್ಪು, ಎಣ್ಣೆ, ಬಣ್ಣಕ್ಕೆ ಬೀಟ್‌ರೂಟ್, ಅರಿಶಿನ, ಪಾಲಕ್. ಡಬ್ಬಿಗೆ 150. ಜುಲೈ ಮಳೆ, ನಾಲ್ಕೇ ದಿನಕ್ಕೆ ಬೂಷ್ಟು. ಪಾಲಕ್‌ನದ್ದಂತೂ ವಾಸನೆಗೆ ಮನೆಯವರು ಡಬ್ಬಿಯನ್ನು ಗೇಟಿನ ಹೊರಗೆ ಇಟ್ಟು ಬಂದರು. ನಿಂಬೆಹಣ್ಣು ಹಿಂಡಿ ನೋಡಿದೆ, ಅಂಟಂಟು ಆಯಿತು. 4,000 ನೀರಿಗೆ ಹೋಯಿತು. ಕೊನೆಗೆ ಕೈಹಿಡಿದಿದ್ದು ಅಡುಗೆಯವರ ರಾಗಿ ಹುರಿಹಿಟ್ಟು. ತಿಂಗಳಿಗೆ 20-25 ಕೆಜಿ ಹೋಗುತ್ತಿತ್ತು, ಲಾಭ ಮೂರು ಸಾವಿರ ಚಿಲ್ಲರೆ. ಈಗಲೂ ಮಾಡುತ್ತೇವೆ, ರಾಗಿ ಎಲ್ಲಿಂದ ತರುತ್ತೇವೆ ಅಂತ ಮಾತ್ರ ಕೇಳಬೇಡಿ.

2021ರ ಜನವರಿ ಕೊನೆಗೆ, ಖಾಸಗಿ ಶಾಲೆಗಳು ಬೋಧನಾ ಶುಲ್ಕದಲ್ಲಿ ನೂರಕ್ಕೆ 70 ಮಾತ್ರ ತಗೋಬೇಕು ಅಂತ ಸರ್ಕಾರದ ಆದೇಶ ಬಂತು. ಒಬ್ಬ ತಂದೆ ಆ ಸುದ್ದಿಯನ್ನು ಗ್ರೂಪ್‌ಗೆ ಹಾಕಿ, "ಮೇಡಂ, ಇದಕ್ಕೆ ಏನಂತೀರಾ?" ಅಂದರು. "ಸಾರ್, ನೀವು ಕೊಡ್ತಿರೋದು ನೂರಕ್ಕೆ 28. ಇನ್ನೂ 42 ಕಳಿಸ್ತೀರಾ?" ಅಂದೆ. ಉತ್ತರ ಬರಲಿಲ್ಲ. ನಗುವ ಮುಖಗಳು ಮಾತ್ರ ಹದಿನೈದೋ ಹದಿನಾರೋ ಬಂದವು.

ನಿಜವಾದ ಪೆಟ್ಟು ಬಿದ್ದಿದ್ದು ಆ ಮಾರ್ಚ್‌ನಲ್ಲಿ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬಾಗಿಲು ಮುಚ್ಚಿದ್ದರೂ ಮಕ್ಕಳು ಬೆಳೆಯುತ್ತಾರಲ್ವಾ! ಮೂರು ವರ್ಷದ್ದು ನಾಲ್ಕಾಯಿತು, ದೊಡ್ಡ ಶಾಲೆಯ ಎಲ್‌ಕೆಜಿಗೆ ಹೆಸರು ಬರೆಸಿದರು. "ಜಮಾ ಇರೋ ದುಡ್ಡು ಇನ್ನೇನು ಮಾಡ್ಲಿ ಮೇಡಂ?" ಅಂತ ಒಬ್ಬ ತಾಯಿ ಕೇಳಿದರು. ವಾಪಸ್ ಕೊಡಲು ನನ್ನ ಹತ್ತಿರ ಎಲ್ಲಿತ್ತು? ಬಾಯಿಗೆ ಬಂದಿದ್ದು ಹೇಳಿದೆ: "ನಿಮ್ಮ ನಾದಿನಿ ಮಗುಗೆ ಕೊಡಿ." ಹೇಳಿದ ಮೇಲೆ ನನಗೇ ಹೊಳೆಯಿತು, ಅರೆ, ಇದೇ ನಿಯಮ ಆಗಲಿ ಅಂತ. ದಪ್ಪ ಕಾಗದದಲ್ಲಿ ಕಾರ್ಡು ಮಾಡಿಸಿದೆ. ಯಾರಿಗೆ ಬೇಕಾದರೂ ಕೊಡಿ, ತಮ್ಮನಿಗೋ ತಂಗಿಗೋ, ಕೆಳಗಿನ ಮನೆಯವರಿಗೋ. ಷರತ್ತು ಒಂದೇ: ಡೇಕೇರ್‌ಗೆ ತಿಂಗಳಿಗೆ 1,000, ಬೆಳಿಗ್ಗೆಗೆ 300, ಅದಕ್ಕಿಂತ ಜಾಸ್ತಿ ಮುರಿಯುವ ಹಾಗಿಲ್ಲ. ಈ ಮಿತಿ ಇಲ್ಲದಿದ್ದರೆ ತೆರೆದ ಮೊದಲ ತಿಂಗಳೇ ಮತ್ತೆ ಮುಚ್ಚಬೇಕಿತ್ತು.

ಏಪ್ರಿಲ್ ಕೊನೆಗೆ ಮತ್ತೆ ಲಾಕ್‌ಡೌನ್. ಆ ಎರಡು ತಿಂಗಳು ಯಾರನ್ನೂ ಏನೂ ಕೇಳಲಿಲ್ಲ, ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ಸಂಕಟ. ಆದರೂ ಒಂಬತ್ತು ಜನ ಹಾಕಿದ್ದರು.

ನವೆಂಬರ್ 8ಕ್ಕೆ ಅಂಗನವಾಡಿ, ಎಲ್‌ಕೆಜಿ, ಯುಕೆಜಿ ತೆರೆಯಲು ಬಿಟ್ಟರು, ನಾವೂ ತೆರೆದೆವು. ಮೊದಲ ವಾರ ಬಂದಿದ್ದು 11 ಮಕ್ಕಳು. ಅದರಲ್ಲಿ ಆರು ಮಕ್ಕಳು ಕಾರ್ಡು ಹಿಡಿದು ಬಂದ ಹೊಸಬರು! ಗೆಳತಿ ಪಾಂಪ್ಲೆಟ್‌ಗೇ ಎಂಟು ಸಾವಿರ ಸುರಿದಳು, ಅವಳಿಗೆ ಸಿಕ್ಕಿದ್ದು ನಾಲ್ಕು ಮಕ್ಕಳು. ಮುಚ್ಚಿದ್ದ ತಿಂಗಳುಗಳಲ್ಲಿ ಪೋಷಕರಿಂದ ನನಗೆ ಒಟ್ಟು ಬಂದಿದ್ದು ನಾಲ್ಕು ಲಕ್ಷದ ಮೇಲೆ, ಜಮಾ ಅಂತ ನಾನು ತೀರಿಸಬೇಕಾಗಿದ್ದು ಎರಡು ಲಕ್ಷದ ಆಸುಪಾಸು. ತೀರಿಸಿದ್ದು ಅಷ್ಟೂ ಅಲ್ಲ. "ಅದು ಆಯಾಗೇ ಇರಲಿ ಬಿಡಿ" ಅಂತ ಕಾರ್ಡು ವಾಪಸ್ ಕೊಟ್ಟವರೂ ಇದ್ದರು. ಬಳೆ ಬಿಡಿಸಿಕೊಂಡಿದ್ದು 2022ರ ಯುಗಾದಿಗೆ.

ಅದಕ್ಕೆ ಮುಂಚೆ ಇನ್ನೊಂದು ಪರೀಕ್ಷೆ ಇತ್ತು. 2022ರ ಜನವರಿ 6ರಿಂದ ಬೆಂಗಳೂರಿನಲ್ಲಿ ಮತ್ತೆ ಶಾಲೆ ಬಂದ್, ತಿಂಗಳ ಕೊನೆಯವರೆಗೆ. ಈ ಸಲ ಉದ್ದ ಕಥೆ ಬರೆಯಲಿಲ್ಲ. "ಹಳೇ ಲೆಕ್ಕವೇ" ಅಂತ ಎರಡು ಪದ ಹಾಕಿದೆ. ಎರಡು ದಿನದಲ್ಲಿ 22ರಲ್ಲಿ 17 ಜನ ಕಳಿಸಿದ್ದರು. ಫೋನನ್ನು ಹಾಗೇ ನಮ್ಮನೆಯವರ ಮುಂದೆ ಹಿಡಿದೆ. ಕನ್ನಡಕ ಮೇಲೆ ಮಾಡಿ ನೋಡಿ, "ಹೂಂ, ಹೋಟೆಲ್ ಚೆನ್ನಾಗೇ ನಡೀತಿದೆ" ಅಂದರು.

ನೋಟ್‌ಬುಕ್‌ನಲ್ಲಿ ಇನ್ನೂ ಎರಡು ಪುಟ ಬಾಕಿ ಇವೆ. ಒಂದು ಕುಟುಂಬ ಕೆನಡಾಕ್ಕೆ ಹೋಯಿತು, ಅವರದ್ದು ಇಪ್ಪತ್ತೊಂದು ಸಾವಿರ ಚಿಲ್ಲರೆ ಇದೆ. ಇನ್ನೊಬ್ಬರಿಗೆ ಈಗ ಎರಡನೆಯದು ಹುಟ್ಟಿದೆ, ಬರುವ ಜೂನ್‌ಗೆ ಸೇರಿಸುತ್ತಾರಂತೆ.