ಬೋರ್ಡೋ ಡ್ರಮ್ಮಿನಲ್ಲಿ ನಾಲ್ಕು ಬಗೆಯ ರಾಸಾಯನಿಕ ಕ್ರಿಯೆ

ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ. ಹತ್ತನೇ ತರಗತಿಯ ಮಕ್ಕಳು ಇವುಗಳ ವ್ಯಾಖ್ಯೆಯನ್ನು ಗಟ್ಟಿಯಾಗಿ ಬಾಯಿಪಾಠ ಮಾಡಿರುತ್ತಾರೆ. ಆದರೆ ಹೊಸ ಸಮೀಕರಣ ಕೊಟ್ಟು ‘ಇದು ಯಾವ ವಿಧ?’ ಎಂದು ಕೇಳಿದರೆ ತಡವರಿಸುತ್ತಾರೆ. ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ ಬಾರದಿರಲಿ ಎಂದು ಮಳೆಗಾಲದಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅದನ್ನು ಕಲಸುವಾಗ ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಈ ಮದ್ದನ್ನು ಮೈಸೂರು ಸಂಸ್ಥಾನದ ಅಡಿಕೆಗೆ ತಂದವರು ಕೆನಡಾದಿಂದ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್. ನಾಲ್ಕೂ ಬಗೆಯ ಕ್ರಿಯೆಗಳು ಇದರ ಸುತ್ತಲೇ ಸಿಗುತ್ತವೆ.

ನೀವು ಕೇಳಬೇಕಾದ ಪ್ರಶ್ನೆ ಒಂದೇ. ಮೊದಲು ಯಾರು ಯಾರ ಜೊತೆಗಿದ್ದರು, ಈಗ ಯಾರ ಜೊತೆಗಿದ್ದಾರೆ?

ಸುಣ್ಣದಿಂದ ಶುರು ಮಾಡೋಣ. ಸುಣ್ಣದಕಲ್ಲು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕರಾವಳಿಯ ಚಿಪ್ಪೂ ಅದೇ. ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ಒಡೆಯುತ್ತದೆ. ಶುದ್ಧವಾದ 100 ಕೆ.ಜಿ. ಕಲ್ಲು ಪೂರ್ತಿ ಸುಟ್ಟರೆ 56 ಕೆ.ಜಿ. ಸುಟ್ಟ ಸುಣ್ಣ ಉಳಿಯುತ್ತದೆ, 44 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಒಂದು ಇದ್ದದ್ದು ಎರಡಾಯಿತು. ಇದು ವಿಭಜನೆ.

ಆ ಸುಟ್ಟ ಸುಣ್ಣಕ್ಕೆ ನೀರು ಹಾಕಿ. ಬುಸುಬುಸು ಎಂದು ಕುದಿಯುತ್ತದೆ, ಹಬೆ ಏಳುತ್ತದೆ, ಗಟ್ಟಿ ಹೆಂಟೆ ಅರಳಿ ಪುಡಿಯಾಗುತ್ತದೆ. ಕ್ಯಾಲ್ಸಿಯಂ ಆಕ್ಸೈಡೂ ನೀರೂ ಸೇರಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಯಿತು. ಎರಡು ಸೇರಿ ಒಂದಾದರೆ ಸಂಯೋಗ. ಶಾಖ ಹೊರಬಂದದ್ದರಿಂದ ಬಹಿರುಷ್ಣಕ ಎಂದೂ ಬರೆಯಿರಿ. ಕಣ್ಣಿಗೆ ಸಿಡಿದರೆ ಬಹಳ ಅಪಾಯ, ಹಾಗಾಗಿ ಮಕ್ಕಳು ದೂರ ನಿಂತೇ ನೋಡಬೇಕು.

ಈಗ ಡ್ರಮ್ಮಿನ ಕೆಲಸ. 1 ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕಲಸುತ್ತಾರೆ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕೋಲಿನಿಂದ ತಿರುಗಿಸುತ್ತಾರೆ. ಕನ್ನಡಿಯಂತೆ ತಿಳಿಯಾಗಿದ್ದ ನೀಲಿ ನೀರು ಬಿದ್ದಲ್ಲೆಲ್ಲ ಮಂದವಾಗಿ, ಆಕಾಶನೀಲಿ ಮಜ್ಜಿಗೆಯಂತೆ ಆಗುತ್ತದೆ. ತಾಮ್ರದ ಜೊತೆಗಿದ್ದ ಸಲ್ಫೇಟ್ ಕ್ಯಾಲ್ಸಿಯಂ ಕಡೆ ಬಂತು. ಕ್ಯಾಲ್ಸಿಯಂ ಜೊತೆಗಿದ್ದ ಹೈಡ್ರಾಕ್ಸೈಡ್ ತಾಮ್ರದ ಕಡೆ ಹೋಯಿತು. ಎರಡೂ ಕಡೆ ಜೊತೆ ಅದಲು ಬದಲಾದರೆ ದ್ವಿಸ್ಥಾನಪಲ್ಲಟ. ಆ ಮಂದ ನೀಲಿಯೇ ಪ್ರಕ್ಷೇಪ, ಅಂದರೆ ನೀರಿನಲ್ಲಿ ಕರಗದೆ ಬೇರ್ಪಟ್ಟ ವಸ್ತು. ನಿಜಕ್ಕೂ ಅಲ್ಲಿ ನಡೆಯುವುದು ಇನ್ನೂ ಸ್ವಲ್ಪ ಜಟಿಲ, ಶಾಲೆಯ ಲೆಕ್ಕಕ್ಕೆ ಇಷ್ಟು ಸಾಕು.

ನನಗೆ ಬಹಳ ಇಷ್ಟವಾದದ್ದು ಇನ್ನು ಬರುವುದು. ಸುಣ್ಣ ಸಾಲುತ್ತದೋ ಇಲ್ಲವೋ ಎಂದು ನೋಡಲು ತೋಟದವರು ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಗಂದು ಬಣ್ಣ ಕೂತರೆ ಇನ್ನೂ ಸುಣ್ಣ ಬೇಕು ಎಂದರ್ಥ. ಹಾಗೇ ಹೊಡೆದರೆ ಎಳೆ ಕಾಯಿ ಸುಡುತ್ತದೆ. ಆ ಕೆಂಗಂದು ಬಣ್ಣ ಸುಣ್ಣದ ಜೊತೆ ಸೇರದೆ ಉಳಿದ ತುತ್ತದ ತಾಮ್ರದ್ದು. ತಾಮ್ರಕ್ಕಿಂತ ಕಬ್ಬಿಣ ಹೆಚ್ಚು ಚುರುಕು, ಅಲ್ವಾ? ಅದು ತಾನು ಸಲ್ಫೇಟಿನ ಜೊತೆ ಸೇರಿ ತಾಮ್ರವನ್ನು ಹೊರಗೆ ತಳ್ಳಿತು. ಒಂಟಿ ಧಾತು ಬಂದು ಇನ್ನೊಂದನ್ನು ಎಬ್ಬಿಸಿ ಅದರ ಜಾಗದಲ್ಲಿ ಕೂತರೆ ಸ್ಥಾನಪಲ್ಲಟ. ಬೋರ್ಡೋ ಕಲಸಲು ಕಬ್ಬಿಣದ ಪಾತ್ರೆ ಬೇಡ ಎನ್ನುವುದೂ ಇದಕ್ಕೇ.

ಆದರೆ ಎಲ್ಲ ಕ್ರಿಯೆಯನ್ನೂ ಈ ನಾಲ್ಕರೊಳಗೇ ತುರುಕಬೇಡಿ. ಗೋಡೆಗೆ ಬಳಿದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ, ಎರಡು ಮೂರು ದಿನದಲ್ಲಿ ಗಟ್ಟಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಜೊತೆಗೆ ನೀರು ಬಿಡುತ್ತದೆ. ಅದು ಈ ನಾಲ್ಕು ಗುಂಪಿಗೆ ಸಲೀಸಾಗಿ ಸೇರುವುದಿಲ್ಲ. ಅತ್ತ ಚಾಕುವಿನ ಕ್ರಿಯೆ ಎರಡು ಗುಂಪಿಗೆ ಸೇರುತ್ತದೆ. ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟಿತು, ತಾಮ್ರ ಪಡೆಯಿತು, ಹಾಗಾಗಿ ಅದು ಉತ್ಕರ್ಷಣ-ಅಪಕರ್ಷಣವೂ ಹೌದು.

ತೋಟವಿಲ್ಲದವರು ಶಾಲೆಯ ಲ್ಯಾಬಿನಲ್ಲಿ ಇದನ್ನು ನೋಡಬಹುದು. ಮರಳುಕಾಗದದಿಂದ ಉಜ್ಜಿದ ಮೊಳೆಗೆ ದಾರ ಕಟ್ಟಿ, ತುತ್ತದ ನೀರಿನಲ್ಲಿ 20 ನಿಮಿಷ ಇಳಿಬಿಡಿ. ತುತ್ತ ವಿಷ, ಆದ್ದರಿಂದ ಶಿಕ್ಷಕರು ಜೊತೆಗಿರಲಿ, ಕೊನೆಗೆ ಕೈ ತೊಳೆಯಿರಿ. ಅದ್ದದ ಇನ್ನೊಂದು ಮೊಳೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ. ನೀರಿನ ನೀಲಿಯೂ ಸ್ವಲ್ಪ ಪೇಲವವಾಗಿರುತ್ತದೆ, ಅದನ್ನೂ ನೋಟ್ಸಿನಲ್ಲಿ ಬರೆದುಕೊಳ್ಳಿ.